ಎಷ್ಟು ಕೂಗಾಯ್ತು?

ನಮ್ಮ ಮನೆಯಲ್ಲಿ ಕೂಗು ಎಣಿಸುವ ಕೆಲಸ ಅಮ್ಮನದು. ಕುಕ್ಕರ್ ಒಲೆ ಮೇಲಿಟ್ಟು, ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಾ, ಬೇಲಿಯಾಚೆಯವರ ಜೊತೆ ಮಾತಾಡುತ್ತಾ, ನಡುವೆ ಬೆಕ್ಕಿಗೆ ಬೈಯುತ್ತಾ ಇದ್ದರೂ ತಲೆಯ ಒಂದು ಮೂಲೆಯಲ್ಲಿ ಲೆಕ್ಕ ನಡೆದೇ ಇರುತ್ತದೆ. ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ಕಡಲೆಗೆ ಆರು. ನಾನು ಎಣಿಸಲು ಕೂತರೆ ಎರಡನೇ ಕೂಗಿಗೇ ಮರೆತಿರುತ್ತದೆ.

ಹಾಗಾಗಿ ಮೊನ್ನೆ ಕಂಪ್ಯೂಟರ್ ಕೂಗಲು ಶುರು ಮಾಡಿದಾಗ ಅದನ್ನು ಮೊದಲು ಗಮನಿಸಿದ್ದೂ ಅಮ್ಮನೇ. "ಒಳಗೆ ಏನೋ ಕೂಗ್ತಾ ಇದೆ ಮಾರಾಯ, ಕುಕ್ಕರ್ ಅಲ್ಲ."

ಪುನರ್ವಸು ಮಳೆ ಹಿಡಿದಿತ್ತು. ತೀರ್ಥಹಳ್ಳಿ ಕಡೆಯ ಮಳೆಗಾಲ ಗೊತ್ತಲ್ಲ, ಚಪ್ಪಲಿಗೆ ಬೂಸ್ಟು, ಉಪ್ಪಿನ ಭರಣಿಯಲ್ಲಿ ನೀರು. ನಮ್ಮ ಮನೆಯ ಡೆಸ್ಕ್‌ಟಾಪ್ ಹಳೆಯ ಅಸೆಂಬಲ್ಡ್ ಗಾಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ತಿರುಗಿ ಬಿಡಿಭಾಗ ಕೂಡಿಸಿ ತಂದದ್ದು. ಈಗ ಅದು ಅಪ್ಪನದು. ದೇವಸ್ಥಾನ ಸಮಿತಿಯ ಲೆಕ್ಕವೆಲ್ಲ ಅದರಲ್ಲೇ ಇದೆ, ನುಡಿ ತಂತ್ರಾಂಶದಲ್ಲಿ, ಎರಡೇ ಬೆರಳಲ್ಲಿ ಟೈಪ್ ಮಾಡಿದ್ದು. ಮರುದಿನ ಸಮಿತಿ ಮೀಟಿಂಗು. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಜೊತೆಗೆ ಪೀ... ಪೀ... ಪೀ...

ನನಗೆ ಮೊದಲು ಅನುಮಾನ ಬಂದದ್ದು ಯುಪಿಎಸ್ ಮೇಲೆ. ಕರೆಂಟು ಹೋದಾಗಲೆಲ್ಲ ಕೂಗುವುದು ಅದರ ಜನ್ಮಸಿದ್ಧ ಹಕ್ಕು. ಯುಪಿಎಸ್ ಆರಿಸಿದೆ. ಕೂಗು ನಿಂತಿತು! ಸಿಕ್ಕಿಬಿತ್ತು ಅಂದುಕೊಂಡೆ. ಅದರ ಜೊತೆ ಕಂಪ್ಯೂಟರೂ ಆರಿದೆ ಅಂತ ಹೊಳೆಯಲು ಒಂದು ನಿಮಿಷ ಬೇಕಾಯಿತು.

ಛತ್ರಿ ಮಡಚಿ ಜಗಲಿಗೆ ಬಂದ ನೆಂಟರೊಬ್ಬರು, "ವೈರಸ್ ಇರ್ಬೇಕು, ಫಾರ್ಮ್ಯಾಟ್ ಹೊಡೆಸಿ" ಅಂದರು. ನಮ್ಮೂರಲ್ಲಿ ಕಂಪ್ಯೂಟರಿನ ಎಲ್ಲ ಕಾಯಿಲೆಗೂ ಇದೊಂದೇ ಕಷಾಯ. ಆದರೆ ವಿಂಡೋಸ್, ವೈರಸ್ ಎಲ್ಲ ಇರುವುದು ಡಿಸ್ಕಿನಲ್ಲಿ, ಈ ಗಾಡಿ ಇನ್ನೂ ಡಿಸ್ಕಿನ ಬಾಗಿಲಿಗೇ ಹೋಗಿಲ್ಲ. ಗುಂಡಿ ಒತ್ತಿದ ಕೂಡಲೇ ಏಳುವುದು ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಕೂತಿರುವ ಬಯಾಸ್ ಅನ್ನುವ ಸಣ್ಣ ಪ್ರೋಗ್ರಾಂ. ಮದುವೆಮನೆಯಲ್ಲಿ ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಎದ್ದು, ಅಡುಗೆಯವರು ಬಂದ್ರಾ, ಹಾಲು ಬಂತಾ, ವಾಲಗದವರು ಎದ್ರಾ ಅಂತ ನೋಡಿಕೊಂಡು ಬರುವ ದೊಡ್ಡಪ್ಪನ ಹಾಗೆ ಅದು, ಕೆಲಸದ ಹೊತ್ತಿಗೆ ಎಲ್ಲ ನೆನಪಿಟ್ಟುಕೊಳ್ಳುವ ರ‍್ಯಾಮ್ ಇದೆಯಾ, ಡಿಸ್‌ಪ್ಲೇ ಇದೆಯಾ, ಕೀಬೋರ್ಡ್ ಇದೆಯಾ ಅಂತ ಒಂದು ಸುತ್ತು ಹಾಕುತ್ತದೆ. ಇದಕ್ಕೆ ಪೋಸ್ಟ್ ಅನ್ನುತ್ತಾರೆ. ರ‍್ಯಾಮ್ ಸಿಗದಿದ್ದರೆ ಪರದೆಯ ತನಕ ಹೋಗುವುದಕ್ಕೇ ಆಗುವುದಿಲ್ಲ. ಪರದೆ ಇಲ್ಲದ ಮೇಲೆ ತೊಂದರೆ ಬರೆದು ತೋರಿಸುವುದೆಲ್ಲಿ? ಉಳಿದಿರುವುದು ಒಂದು ಪೀಪಿ. ಅದನ್ನೇ ಊದುತ್ತದೆ. 1981ರಲ್ಲಿ ಐಬಿಎಂ ತನ್ನ ಮೊದಲ ಪೀಸಿ ತಂದಾಗಿನಿಂದ ಇದೇ ಪದ್ಧತಿ.

ಈ ಊದುವುದಕ್ಕೆ ಒಂದು ಲೆಕ್ಕ ಇದೆ. ಬೇಜಾರು ಏನೆಂದರೆ ಎಲ್ಲ ಮನೆಯ ಲೆಕ್ಕ ಒಂದೇ ಅಲ್ಲ. ಅವಾರ್ಡ್ ಅನ್ನುವ ಕಂಪನಿಯ ಬಯಾಸ್ ಆದರೆ ಒಂದು ಉದ್ದ, ಎರಡು ಗಿಡ್ಡ ಅಂದರೆ ಡಿಸ್‌ಪ್ಲೇ ತೊಂದರೆ. ಎಎಂಐ ಕಂಪನಿಯದಾದರೆ ಗಿಡ್ಡ ಮೂರು ಅಂದರೆ ರ‍್ಯಾಮು, ಎಂಟು ಅಂದರೆ ಡಿಸ್‌ಪ್ಲೇ. ನಾನು ಕಿವಿಗೊಟ್ಟು ಎಣಿಸಿದೆ, ನಾಲ್ಕು ಬಂತು. ಮತ್ತೆ ಎಣಿಸಿದೆ, ಏಳು. ಕೊನೆಗೆ ಅಮ್ಮನನ್ನೇ ಕರೆದು ಕೂರಿಸಿದೆ. ಕೈಯಲ್ಲಿದ್ದ ಬೆಳ್ಳುಳ್ಳಿ ಸುಲಿಯುತ್ತಲೇ ಒಂದು ನಿಮಿಷ ಕೇಳಿದಳು.

"ಇದನ್ನ ಎಣಿಸೋದೇನು ಬಂತು. ಉದ್ದುದ್ದಕ್ಕೆ ಕೂಗ್ತದೆ, ನಿಲ್ಲೋದೇ ಇಲ್ಲ."

ಅದೇ ಉತ್ತರ! ನಮ್ಮದು ಅವಾರ್ಡ್ ಬಯಾಸು. ಅದರಲ್ಲಿ ಬಿಡದೆ ಉದ್ದಕ್ಕೆ ಕೂಗುತ್ತಿದ್ದರೆ ರ‍್ಯಾಮ್ ಇಲ್ಲ, ಇಲ್ಲವೇ ಸರಿಯಾಗಿ ಕೂತಿಲ್ಲ.

ಪೇಟೆಯ ರಿಪೇರಿ ಹುಡುಗನಿಗೆ ಫೋನ್ ಮಾಡಿದೆ. ಈ ಮಳೆಯಲ್ಲಿ ಬರುವ ಆಸಾಮಿ ಅಲ್ಲ. "ಮನೇಲಿ ರಬ್ಬರ್ ಇದ್ಯಾ ಸಾರ್? ಪೆನ್ಸಿಲ್ ರಬ್ಬರ್. ರ‍್ಯಾಮ್ ತೆಗ್ದು ಉಜ್ಜಿ. ಇಂಕ್ ಅಳಿಸೋ ಒರಟು ರಬ್ಬರ್ ಮಾತ್ರ ಬೇಡ, ಗೀರಿಬಿಡುತ್ತೆ." ಇಷ್ಟೇ. ಮಗಳ ಕಂಪಾಸ್ ಬಾಕ್ಸಿಗೆ ಕೈ ಹಾಕಿದೆ. "ಅಪ್ಪಾ, ಸೆಂಟ್ ರಬ್ಬರ್ ಮುಟ್ಬೇಡ!" ಅಂತ ಓಡಿ ಬಂದಳು. ಒಂದನೇ ಕ್ಲಾಸಿನಿಂದ ಉಳಿದ ಒಂದು ಮೋಟು ಬಿಳಿ ರಬ್ಬರ್ ಮಂಜೂರಾಯಿತು.

ವೈರು ಕಿತ್ತು, ಹಿಂದಿನ ಎರಡು ಸ್ಕ್ರೂ ಬಿಚ್ಚಿ, ಪಕ್ಕದ ತಗಡು ಜಾರಿಸಿದೆ. ಒಳಗೆ ಬೇರೆಯೇ ಒಂದು ಸಂಸಾರ. ಫ್ಯಾನಿನ ರೆಕ್ಕೆಗೆ ಕಂಬಳಿಯಂಥ ಧೂಳು, ಮೂಲೆಯಲ್ಲಿ ಜೇಡರ ಬಲೆ, ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಪಕ್ಕದಲ್ಲಿ ಹಲ್ಲಿ ಮೊಟ್ಟೆಯ ಎರಡು ಸಿಪ್ಪೆ. ಮಳೆಗಾಲದಲ್ಲಿ ಮನೆಯಲ್ಲಿ ಬೆಚ್ಚಗಿರುವ ಜಾಗ ಇದೊಂದೇ ಅಂತ ಹಲ್ಲಿಗೆ ನನಗಿಂತ ಮೊದಲೇ ಗೊತ್ತಾಗಿದೆ. ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿದೆ. ಮೈಯಲ್ಲಿ ಕೂತ ಸ್ಟ್ಯಾಟಿಕ್ ಕರೆಂಟು ಚಿಪ್ಪಿಗೆ ಹೋಗಬಾರದು ಅಂತ. ಎರಡೂ ತುದಿಯ ಕ್ಲಿಪ್ ಒತ್ತಿದರೆ ರ‍್ಯಾಮ್ ಕಡ್ಡಿ ಟಕ್ಕಂತ ಎದ್ದು ಬರುತ್ತದೆ. ನಮ್ಮದು ಡಿಡಿಆರ್ 3 ಅನ್ನುವ ತಳಿ, ಒಂದೊಂದು ಕಡ್ಡಿಯಲ್ಲಿ 240 ಚಿನ್ನದ ಬಣ್ಣದ ಹಲ್ಲು. ನಿಜಕ್ಕೂ ತೆಳುವಾಗಿ ಚಿನ್ನದ ಲೇಪ ಇರುತ್ತದಂತೆ ಅಂದದ್ದೇ ತಡ, ಅಮ್ಮ ಕನ್ನಡಕ ಹಾಕಿಕೊಂಡು ಬಂದಳು. ನೋಡಿ, "ಕಪ್ಪಾಗಿದೆಯಲ್ಲೋ" ಅಂದಳು. ಕಪ್ಪಾಗಿತ್ತು.

ಮೆಲ್ಲಗೆ ಉಜ್ಜಿದೆ. ರಬ್ಬರಿನ ಪುಡಿ ಕಡ್ಡಿ ಕೂರುವ ಸ್ಲಾಟಿಗೆ ಬೀಳದ ಹಾಗೆ ದೂರ ಕೂತು. ಸ್ಲಾಟಿನ ಧೂಳು ಬಾಯಿಂದ ಊದಬಾರದು, ಎಂಜಲಿನ ಪಸೆ ಹಾರುತ್ತದೆ, ಅದಕ್ಕೇ ಮಗಳ ಹೊಸ ಪೇಂಟಿಂಗ್ ಬ್ರಷ್ಷು. ಅದಕ್ಕೆ ಅನುಮತಿ ಕೇಳಲಿಲ್ಲ.

ಎರಡೂ ಕಡ್ಡಿ ಹಾಕಿದೆ. ಪೀ... ಪೀ... ಅಪ್ಪ ಬಾಗಿಲಲ್ಲಿ ನಿಂತು, "ಕೈಬರಹದಲ್ಲೇ ಬರ್ಕೊಂಡು ಹೋಗ್ತೀನಿ ಬಿಡು" ಅಂದರು. ಅವರು ಹಾಗಂದರೆ ಬೈದ ಹಾಗೇ. ಒಂದು ಕಡ್ಡಿ ತೆಗೆದೆ, ಪೀ. ಅದನ್ನು ಹಾಕಿ ಇನ್ನೊಂದನ್ನು ತೆಗೆದೆ. ಈ ಸಲ ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿದೆ, ಬೋರ್ಡು ಮುರಿದೀತು ಅಂತ ಹೆದರುತ್ತಲೇ. ಕ್ಲಿಪ್ಪು ತಾನಾಗಿ ಟಕ್ ಅಂತು. ಗುಂಡಿ ಒತ್ತಿದೆ.

ಪೀಂ.

ಒಂದೇ ಒಂದು, ಗಿಡ್ಡದು. ಎಲ್ಲ ಸರಿಯಾಗಿದೆ ಅಂತ ಅದರ ಅರ್ಥ. ಪರದೆಯಲ್ಲಿ ಬಿಳಿ ಅಕ್ಷರ ಓಡಿದವು, ಅಪ್ಪ ಕುರ್ಚಿ ಎಳೆದುಕೊಂಡರು. ಅಡುಗೆಮನೆಗೆ ಹೋಗಿದ್ದ ಅಮ್ಮ ಅಲ್ಲಿಂದಲೇ ಕೂಗಿ ಕೇಳಿದಳು:

"ಒಂದೇ ಕೂಗಿಗೆ ಯಾಕೋ ಆರಿಸಿದೆ? ಬೆಂದಿರಲ್ಲ ಅದು."