ಡಾಕ್ಟರ್ ಸಹಾಯಕರಿಗೆ ಸಿ-ಆರ್ಮ್ ಪರವಾನಗಿ ಕೊಡಬಹುದೇ?

ಸಿ-ಆರ್ಮ್ ಅಂದರೆ ಆಪರೇಷನ್ ನಡೆಯುವಾಗಲೇ ಮೂಳೆಯ ಎಕ್ಸ್‌ರೇ ಚಿತ್ರವನ್ನು ಪರದೆ ಮೇಲೆ ತೋರಿಸುವ ಮೆಷಿನ್. ಡಾಕ್ಟರ್ ಸಹಾಯಕರು ಅಂದರೆ ಫಿಸಿಶಿಯನ್ ಅಸಿಸ್ಟೆಂಟ್‌ಗಳು.

ಪರ: ಕೊಡಿ, ಕೊಡಗಿಗೆ ಬೇಕು

ಫೆಬ್ರವರಿ ಬಂತೆಂದರೆ ತೋಟಗಳಲ್ಲಿ ಮೆಣಸಿನ ಕೊಯ್ಲು. ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯಿಂದ ಜಾರಿದರೆ ಮಣಿಕಟ್ಟೋ ಹಿಮ್ಮಡಿಯೋ ಮುರಿಯುತ್ತದೆ. ಮಳೆಗೆ ಮುಂಚೆ ಮರಗಸಿ ಮಾಡುವವರಿಗೂ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವವರಿಗೂ, ಇದೇ ಅಪಾಯ.

ಮುರಿದ ಮೂಳೆ ಕೂಡಿಸುವಾಗ ಡಾಕ್ಟರ ಎರಡೂ ಕೈ ಅಲ್ಲೇ ಇರುತ್ತವೆ. ಸಿ-ಆರ್ಮ್ ತಿರುಗಿಸಿ, ಪೆಡಲ್ ಒತ್ತಿ, ಪರದೆ ಮೇಲೆ ಚಿತ್ರ ತೋರಿಸಲು ಇನ್ನೊಬ್ಬರು ಬೇಕೇ ಬೇಕು. ಇರುವ ಒಬ್ಬ ರೇಡಿಯೋಗ್ರಾಫರ್ ಹೊರಗೆ ಎಕ್ಸ್‌ರೇ ಸಾಲು ಮುಗಿಸುತ್ತಿದ್ದರೆ ಆಪರೇಷನ್ ಕಾಯುತ್ತದೆ. ಇಲ್ಲವೇ ರೋಗಿ ಮೈಸೂರಿಗೆ ಹೋಗಬೇಕು. ಮಡಿಕೇರಿಯಿಂದಲೇ ಅದು ಸುಮಾರು 120 ಕಿ.ಮೀ. ಜಿಲ್ಲೆಯ ಅಂಚಿನ ಹಳ್ಳಿಗಳಾದ ಕರಿಕೆ, ಬಿರುನಾಣಿಯವರಿಗೆ ಇನ್ನೂ ಕಷ್ಟ. ಬಿದ್ದವರ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಬಂದ್ ಆದಾಗ ಆ ಕಡೆಯ ದಾರಿಯೂ ಇರಲಿಲ್ಲ.

ಫಿಸಿಶಿಯನ್ ಅಸಿಸ್ಟೆಂಟ್‌ಗಳು ಎಲ್ಲಿಂದಲೋ ಸುಮ್ನೆ ಬಂದವರಲ್ಲ. ಪದವಿ ಓದಿ, ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿದವರು. 2021ರ ಕೇಂದ್ರ ಕಾನೂನು ಈ ವೃತ್ತಿಯನ್ನು ಗುರುತಿಸಿದೆ. ಕ್ಯಾಲಿಫೋರ್ನಿಯಾ 2009ರಲ್ಲೇ ಇವರಿಗೆ ಫ್ಲೋರೋಸ್ಕೋಪಿ (ಸಿ-ಆರ್ಮ್‌ನಂತೆ ಪರದೆ ಮೇಲೆ ನೇರ ಎಕ್ಸ್‌ರೇ ನೋಡುವುದು) ಪರವಾನಗಿಯ ದಾರಿ ತೆರೆಯಿತು. ಆದರೆ ಅದಕ್ಕೆ ಬೇರೆ ತರಬೇತಿ, ಪರೀಕ್ಷೆ ಬೇಕು. ಮೇಲ್ವಿಚಾರಣೆ ಮಾಡುವ ಡಾಕ್ಟರ ಹತ್ತಿರವೂ ಪರವಾನಗಿ ಇರಬೇಕು. ನಮಗೂ ಅಷ್ಟೇ ಸಾಕು. ರಿಪೋರ್ಟ್ ಬರೆಯುವುದು ಬೇಡ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನು ಇರುವುದರಿಂದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮೆಷಿನ್ ಮುಟ್ಟುವುದೂ ಬೇಡ.

ವಿರೋಧ: ಮೊದಲು ರೇಡಿಯೋಗ್ರಾಫರ್ ಹುದ್ದೆ ತುಂಬಿ

ರೇಡಿಯೋಗ್ರಾಫರ್ ಒಬ್ಬರೇ ಇದ್ದಾರೆ ಅಂದರೆ ಇನ್ನೊಬ್ಬರನ್ನು ನೇಮಿಸಬೇಕು, ಅಲ್ವಾ? ಅದೇ 2021ರ ಕಾನೂನು ರೇಡಿಯಾಲಜಿ ತಂತ್ರಜ್ಞರನ್ನೂ ಗುರುತಿಸಿದೆ. ಇದನ್ನೇ ವರ್ಷಗಟ್ಟಲೆ ಓದಿದವರು ಅವರು. ಅವರನ್ನು ಬಿಟ್ಟು ಬೇರೆಯವರಿಗೆ ಸಣ್ಣ ಕೋರ್ಸ್ ಕೊಡಿಸಿ ಪೆಡಲ್ ಕೊಟ್ಟರೆ, ಹುದ್ದೆ ಖಾಲಿ ಬಿಡಲು ಸರ್ಕಾರಕ್ಕೆ ನಾವೇ ನೆಪ ಕೊಟ್ಟಂತೆ.

ಪೆಡಲ್ ಒತ್ತುವುದು ಸುಲಭ. ಯಾವಾಗ ಕಾಲು ತೆಗೆಯಬೇಕು ಅನ್ನುವುದೇ ಕೆಲಸ. ಕಾಲು ಇಟ್ಟಷ್ಟು ಹೊತ್ತೂ ಕಿರಣ ಬರುತ್ತಲೇ ಇರುತ್ತದೆ. ಎಕ್ಸ್‌ರೇ ಟ್ಯೂಬ್ ಟೇಬಲ್ ಕೆಳಗಿರಬೇಕು. ಮೇಲಿದ್ದರೆ ಚದುರಿದ ಕಿರಣ ಸುತ್ತ ನಿಂತವರ ಮುಖ, ಕಣ್ಣಿನ ಕಡೆಗೇ ಜಾಸ್ತಿ ಬರುತ್ತದೆ. ದೂರ ಎರಡು ಪಟ್ಟಾದರೆ ಬೀಳುವ ಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಳ್ಳೆಯ ರೇಡಿಯೋಗ್ರಾಫರ್ ಇದನ್ನು ಯೋಚಿಸುವುದೂ ಇಲ್ಲ, ಒಂದು ಹೆಜ್ಜೆ ಹಿಂದೆ ಸರಿದೇ ಒತ್ತುತ್ತಾರೆ. ಹೆಂಗಸರನ್ನು ಟೇಬಲ್ ಮೇಲೆ ಮಲಗಿಸುವ ಮುಂಚೆ, ಬಸಿರೇನೋ ಎಂದು ತಿಳಿಯಲು, ಮುಟ್ಟು ಯಾವಾಗ ಆಗಿತ್ತು ಎಂದು ಕೇಳುತ್ತಾರೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದ ಹೆಂಗಸು ತಾನಾಗಿ ಅದನ್ನು ಹೇಳುವುದಿಲ್ಲ. ಈ ಕಿರಣ ಕಣ್ಣಿಗೆ ಕಾಣದು, ನೋವೂ ಇಲ್ಲ. ಹೆಚ್ಚಾಯಿತು ಎಂದು ಅವಳಿಗೆ ಗೊತ್ತಾಗುವುದಾದರೂ ಹೇಗೆ?

ಬ್ರಿಟನ್‌ನಲ್ಲಿ ಇದೇ ವರ್ಗದವರು ಎಕ್ಸ್‌ರೇ ಬರೆದುಕೊಡುವಂತೆಯೂ ಇಲ್ಲ. ಅವರನ್ನು ಡಾಕ್ಟರ್ ಎಂದು ರೋಗಿಗಳು ತಪ್ಪು ತಿಳಿಯಬಾರದೆಂದು ಅಲ್ಲಿನ ಸರ್ಕಾರಕ್ಕೆ ಕೊಟ್ಟ 2025ರ ಲೆಂಗ್ ವರದಿ ಹುದ್ದೆಯ ಹೆಸರನ್ನೇ ಬದಲಿಸಲು ಹೇಳಿತು.

ಮೇಲ್ವಿಚಾರಣೆ ಇರುತ್ತದೆ ಅನ್ನುತ್ತಾರೆ. ಕಾಗದದಲ್ಲಿ ಇರುತ್ತದೆ, ನಿಜ. ಆದರೆ ತಾಲೂಕು ಆಸ್ಪತ್ರೆಯ ಡಾಕ್ಟರನ್ನು ಅರ್ಧದಲ್ಲೇ ಎಮರ್ಜೆನ್ಸಿಗೆ ಕರೆಯುತ್ತಾರೆ. ಆಗ ಫೋನಿನಲ್ಲಿ 'ನೀನೇ ನೋಡಿಕೋ' ಅಂದರೆ? ಡಾಕ್ಟರ್ ಆ ಕೋಣೆಯೊಳಗೆ ಇಲ್ಲದಿದ್ದರೆ ಮೆಷಿನ್ ಶುರು ಮಾಡುವಂತಿಲ್ಲ ಎಂದು ನಿಯಮದಲ್ಲೇ ಬರೆಯಲಿ. ಖಾಲಿ ಹುದ್ದೆಗಳನ್ನೂ ತುಂಬಲಿ. ಆಮೇಲೂ ಕೈ ಸಾಲದೆ ಹೋದರೆ ಪರವಾನಗಿ ಮಾತಾಡೋಣ.