ಕಾಡೂ ತೌರ್, ಅರಸನೂ ತೌರ್

ಕನ್ನಡದಲ್ಲಿ ‘ಕಾಡು’ ಎಂದರೆ ಅಡವಿಯೂ ಹೌದು, ಪೀಡಿಸುವುದೂ ಹೌದು; ‘ಅರಸು’ ಎಂದರೆ ದೊರೆಯೂ ಹೌದು, ಹುಡುಕುವುದೂ ಹೌದು. ಅರಸನನ್ನು ಅರಸುತ್ತ ಹೋದವನನ್ನು ಕಾಡು ಕಾಡಿತು ಎಂದು ಬರೆದರೆ ಯಾರೂ ತಡವರಿಸದೆ ಓದಿಕೊಳ್ಳುತ್ತಾರೆ. ಇಂಥ ತೊಡಕುಗಳನ್ನು ಯಾರೂ ಯೋಜಿಸಿ ಇಟ್ಟಿದ್ದಲ್ಲ. ಆದರೆ ಒಬ್ಬನೇ ಮನುಷ್ಯ ಮೇಜಿನ ಮುಂದೆ ಕುಳಿತು ಇಲ್ಲದ ಜನಾಂಗಕ್ಕೆ ಇಲ್ಲದ ಭಾಷೆಯೊಂದನ್ನು ಕಟ್ಟುವಾಗ ಇವನ್ನು ತಪ್ಪಿಸುವುದು ಬಹಳ ಸುಲಭ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಜೆ.ಆರ್.ಆರ್. ಟೋಲ್ಕಿನ್ ತಪ್ಪಿಸಲಿಲ್ಲ.

1930ರ ದಶಕದಲ್ಲಿ ಅವರು ತಮ್ಮ ಕಥೆಗಳಲ್ಲಿ ಬರುವ ಎಲ್ಫ್ ಎಂಬ ಜನಾಂಗದ ಭಾಷೆಗಳಿಗಾಗಿ ಧಾತುಗಳ ಪಟ್ಟಿಯೊಂದನ್ನು ಬರೆದಿಟ್ಟಿದ್ದರು. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1987ರಲ್ಲಿ. ಅದರಲ್ಲಿ ಮರಮುಟ್ಟು, ಕಾಡುಗಳಿಗೆ ‘ತವರ್’ ಎಂಬ ಧಾತು. (ಕನ್ನಡದ ಕಿವಿಗೆ ಇದು ತವರು ಎಂದೇ ಕೇಳುತ್ತದೆ, ಮರದ ಮೇಲೆ ಅಟ್ಟಣೆ ಕಟ್ಟಿ ಬದುಕುವ ಎಲ್ಫ್‌ಗಳಿಗೆ ಅದು ಒಪ್ಪುವ ಮಾತೇ.) ಹಿಡಿತ, ಒಡೆತನಗಳಿಗೆ ‘ತುರ್’, ಎತ್ತರಕ್ಕೆ, ಹಿರಿಮೆಗೆ ‘ತಾ’. ಹಳೆಯ ಸ್ವರಗಳನ್ನು ಜೋಪಾನ ಮಾಡಿಕೊಂಡ ಕ್ವೆನ್ಯಾ ಎಂಬ ಎಲ್ಫ್ ಭಾಷೆಯಲ್ಲಿ ಇವು ಇನ್ನೂ ಬೇರೆ ಬೇರೆಯಾಗಿವೆ: ‘ತೌರೆ’ ಕಾಡು, ‘ತೌರ’ ಬಲಿಷ್ಠ, ‘ತಾರಿ’ ರಾಣಿ. ಮುಂದೆ ಸಿಂಡರಿನ್ ಎಂದು ಹೆಸರಾದ ಭಾಷೆಯಲ್ಲಿ ಮಾತ್ರ ಪದಾಂತ್ಯದ ಸ್ವರ ಉದುರಿತು, ದೀರ್ಘ ಆಕಾರ ಔಕಾರವಾಯಿತು. ಆಗ ಕಾಡು ‘ತೌರ್’ ಆಯಿತು, ಬಲಿಷ್ಠವೂ ‘ತೌರ್’ ಆಯಿತು, ರಾಜನಿಗಿದ್ದ ‘ತಾರೋ’ ಎಂಬ ಹಳೆಯ ಮಾತು ಕೂಡ ‘ತೌರ್’ ಆಗಿ ಬಂದು ಅದೇ ಸಾಲಿನಲ್ಲಿ ನಿಂತಿತು. ತಮ್ಮದೇ ಧ್ವನಿನಿಯಮಗಳು ತಂದಿಟ್ಟ ಈ ಪೇಚನ್ನು ಆ ಭಾಷಾಪಂಡಿತರು ಒಂದು ಅಕ್ಷರ ತಿದ್ದಿ ನಿವಾರಿಸಿಕೊಳ್ಳಬಹುದಿತ್ತು. ಅವರು ನಿಯಮದ ಮಾತನ್ನೇ ಕೇಳಿದರು. ಆ ಭಾಷೆ ಸಾವಿರಾರು ವರ್ಷ ಬಾಯಲ್ಲಿ ಸವೆದು ಬಂದಂತೆ ತೋರುವುದು, ನನಗೆ ಕಂಡಂತೆ, ಇಂಥ ಕಡೆಗಳಲ್ಲಿಯೇ.

ಶಕ್ತಿಗೆ ಇನ್ನೂ ಒಂದು ಧಾತು ಇದೆ: ‘ಬಲ್’. ದೇವತೆಗಳಂಥ ವಾಲಾರ್ ಎಂಬವರ ಹೆಸರೂ ಬೆಂಕಿಯ ಪಿಶಾಚಿ ಬಾಲ್‌ರಾಗ್‌ನ ಹೆಸರೂ ಅದರಿಂದಲೇ ಹುಟ್ಟಿದವು. ಬಲ ಎಂಬ ಮಾತನ್ನು ದಿನವೂ ಆಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾಡಿನ ‘ತೌರೆ’ಯನ್ನು ಮನಸಾರೆ ಚಪ್ಪರಿಸುವವನು ಮರವೇ ಮನುಷ್ಯನಂತೆ ನಡೆದಾಡುವ ಎಂಟ್ ಕುಲದ ಮುದುಕ. ಅವನು ‘ತೌರೆಲಿಲೋಮೆಅ-ತುಂಬಲೆಮೊರ್ನ’ ಎಂದು ಶುರುಮಾಡಿದರೆ ಹಲವು ನೆರಳುಗಳ ಕಾಡು, ಆಳ ಕಣಿವೆಯ ಕಪ್ಪು, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ಪದಗಳು ಎಲ್ಫ್‌ಗಳವು, ಪೋಣಿಸಿದ ರೀತಿ ಎಂಟ್‌ಗಳದು. ನಮ್ಮ ವ್ಯಾಕರಣದ ಮೇಷ್ಟರಾಗಿದ್ದರೆ ಅರಿಸಮಾಸವೆಂದು ಕೆಂಪು ಶಾಯಿ ಎಳೆದುಬಿಡುತ್ತಿದ್ದರು.

ಆದರೆ ನಾನು ಹೆಚ್ಚು ಹೊತ್ತು ನಿಲ್ಲುವುದು ಒಂದು ಚಿಕ್ಕ ಹೆಸರಿನ ಮುಂದೆ. ಡೊರ್ಥೋನಿಯನ್, ಅಂದರೆ ಪೈನ್ ಮರಗಳ ನಾಡು, ಆ ಕಥೆಗಳ ದುಷ್ಟ ಒಡೆಯ ಮಾರ್ಗತ್‌ನ ಕೈಗೆ ಸಿಕ್ಕಿ ಭಯಾನಕವಾದ ಮೇಲೆ ‘ತೌರ್-ನು-ಫುಯಿನ್’ ಎನಿಸಿಕೊಂಡಿತು. ಇರುಳಿನ ಕೆಳಗಿನ ಕಾಡು ಎಂಬುದೇ ಅದರ ಅರ್ಥ. ಅರ್ಥ ಗೊತ್ತಿದ್ದೂ ಪ್ರತಿ ಸಲ ಓದುವಾಗ ಆ ಮೊದಲ ‘ತೌರ್’ ಮರಗಳದೋ, ಮರಗಳ ನಡುವೆ ಬಂದು ಕುಳಿತ ದೊರೆಯದೋ ಎಂದು ಅರೆಕ್ಷಣ ಅನುಮಾನವಾಗುತ್ತದೆ.