ಮಕ್ಕಳ ಆ ಚೀಟಿಯನ್ನು ಓದಬೇಡಿ

ಮೊನ್ನೆ ಕ್ಲಾಸಿನಲ್ಲಿ ಒಂದು ಮಗು ಮಡಚಿದ ಚೀಟಿ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂತು. "ಮಿಸ್, ಇದನ್ನೂ ಹೇಳ್ಬೇಕಾ?" ಅಂತ ಕೇಳಿತು. ಬಿಡಿಸಿ ನೋಡಿದೆ. ಮೇಲೆ ಪೆನ್ಸಿಲ್ಲಿನಲ್ಲಿ ಗುಂಡು ಗುಂಡು ಅಕ್ಷರ: "ತಮ್ಮನಿಗೆ ಹೊಡೆದೆ. ಸುಳ್ಳು ಹೇಳಿದೆ." ಅದರ ಕೆಳಗೆ ನೀಲಿ ಪೆನ್ನಿನಲ್ಲಿ, ದೊಡ್ಡವರ ಅಕ್ಷರದಲ್ಲಿ ಇನ್ನೆರಡು ಸಾಲು: "ಅಮ್ಮನ ಮಾತು ಕೇಳುವುದಿಲ್ಲ. ಹೋಂವರ್ಕ್ ಮಾಡಲು ಸತಾಯಿಸುತ್ತೇನೆ." ಮಗು ಬರೆದ ಎರಡು ಸಾಲಿನಲ್ಲೂ ಒತ್ತಕ್ಷರ ತಿದ್ದಿದ್ದರು.

ಅವತ್ತಿನಿಂದ ಇದನ್ನು ಬರೆಯಬೇಕು ಅನ್ನಿಸುತ್ತಲೇ ಇದೆ.

ನಾನು ಕಥೋಲಿಕ ಶಾಲೆಯೊಂದರಲ್ಲಿ ಎರಡನೇ ಕ್ಲಾಸಿನ ಟೀಚರ್. ಬಹಳ ಕಡೆ ಈ ಕ್ಲಾಸಿನ ಮಕ್ಕಳು ಮೊದಲ ಪಾಪನಿವೇದನೆಗೆ, ಆಮೇಲೆ ಪ್ರಥಮ ಪರಮಪ್ರಸಾದಕ್ಕೆ ತಯಾರಾಗುವ ವರ್ಷ ಇದು. ಪಾಪನಿವೇದನೆ ಅಂದರೆ ಮಾಡಿದ ತಪ್ಪನ್ನು ಫಾದರ್ ಹತ್ತಿರ ಹೇಳಿಕೊಂಡು ದೇವರ ಕ್ಷಮೆ ಕೇಳುವುದು, ಆ ಚೀಟಿ ಅದಕ್ಕೇ. ಪರಮಪ್ರಸಾದ ಅಂದರೆ ಚರ್ಚಿನ ಪೂಜೆಯಲ್ಲಿ ಯೇಸುವಿನ ದೇಹವೆಂದು ಸ್ವೀಕರಿಸುವ ರೊಟ್ಟಿ. "ಅಷ್ಟು ಚಿಕ್ಕವರಿಗೆ ಏನು ಕಲಿಸ್ತೀರಿ, ನಾಲ್ಕು ಪ್ರಾರ್ಥನೆ ಬಾಯಿಪಾಠ ಮಾಡಿಸ್ತೀರಿ ಅಲ್ವಾ?" ಅಂತ ಕೇಳುವವರು ಜಾಸ್ತಿ. ಬಾಯಿಪಾಠ ಇದೆ. ಶಿಲುಬೆಯ ಗುರುತು, ಪರಲೋಕ ಪ್ರಾರ್ಥನೆ, ನಮೋ ಮರಿಯ, ಪಶ್ಚಾತ್ತಾಪದ ಪ್ರಾರ್ಥನೆ ಎಲ್ಲವೂ ಬರಬೇಕು. ಫಾದರ್ ಹಾಕುವ ಪೂಜೆಯ ಉಡುಪಿನ ಬಣ್ಣವನ್ನೂ ಕಲಿಯುತ್ತಾರೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲಕ್ಕೆ ನೇರಳೆ, ಪಾಸ್ಕಕ್ಕೆ ಅಂದರೆ ಈಸ್ಟರಿಗೆ ಬಿಳಿ, ಪವಿತ್ರಾತ್ಮರ ಹಬ್ಬಕ್ಕೆ ಕೆಂಪು, ಉಳಿದ ಸಾಧಾರಣ ದಿನಗಳಿಗೆ ಹಸಿರು. ಇದೆಲ್ಲ ಮಕ್ಕಳಿಗೆ ಕಷ್ಟವೇ ಅಲ್ಲ. ಒಂದು ವಾರದಲ್ಲಿ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಕಷ್ಟದ ಪಾಠ ಬೇರೆ ಇದೆ. "ಇದನ್ನು ಮಾಡಿದ್ದು ನಾನೇ" ಅಂತ ಒಪ್ಪಿಕೊಳ್ಳುವುದು.

ಅದನ್ನು ಶುರು ಮಾಡುವ ದಿನ ನಾನು ಒಂದು ಪ್ಲಾಸ್ಟಿಕ್ ಲೋಟದಲ್ಲಿ ನೀರು ತುಂಬಿ ಟೇಬಲ್ಲಿನ ಅಂಚಿಗೆ ಇಡುತ್ತೇನೆ. ಪಾಠ ಮಾಡುತ್ತಾ ಆ ಕಡೆ ತಿರುಗುತ್ತೇನೆ, ಮೊಣಕೈ ತಗುಲಿ ಲೋಟ ಬೀಳುತ್ತದೆ. "ಇದು ಪಾಪನಾ?" ಅಂತ ಕೇಳಿದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ "ಹೌದು ಮಿಸ್!" ಅನ್ನುತ್ತದೆ. ಪ್ರತಿ ವರ್ಷ ಇದೇ ಉತ್ತರ. ಯಾಕೆಂದರೆ ಮನೆಯಲ್ಲಿ ನೀರು ಚೆಲ್ಲಿದಾಗ ಬೈಗುಳ ಬಿದ್ದಿದೆ. ಬೈಗುಳ ಬಿದ್ದದ್ದೆಲ್ಲ ಪಾಪ, ಅದು ಅವರ ಲೆಕ್ಕ. ನೆಲ ಒರೆಸಿ, ಲೋಟಕ್ಕೆ ಮತ್ತೆ ನೀರು ತುಂಬುತ್ತೇನೆ. ಈ ಸಲ ಲೋಟವನ್ನೇ ನೋಡುತ್ತಾ ಬೆರಳಿನಿಂದ ಮೆಲ್ಲಗೆ ತಳ್ಳುತ್ತೇನೆ. ಕ್ಲಾಸು ಗಪ್‌ಚಿಪ್. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಬೆಂಚಿನಿಂದ ಯಾರೋ ಒಬ್ಬರು, "ಈಗ ಬೇಕೂಂತ ಮಾಡಿದ್ರಿ" ಅನ್ನುತ್ತಾರೆ.

ಅಷ್ಟೇ ನೋಡಿ. ಗೊತ್ತಿದ್ದೂ ಮಾಡಿದೆನಾ, ಬೇಕೆಂದೇ ಮಾಡಿದೆನಾ ಅಂತ ತನ್ನನ್ನೇ ಕೇಳಿಕೊಳ್ಳುವುದು. ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ದೊಡ್ಡವರಿಗೆ ಹೇಳುವುದೂ ಇದನ್ನೇ. ವಿಷಯ ಗಂಭೀರವಾಗಿರಬೇಕು, ತಿಳಿದಿರಬೇಕು, ಮನಸ್ಸಾರೆ ಒಪ್ಪಿ ಮಾಡಿರಬೇಕು, ಆಗಲೇ ಅದು ಮಾರಕ ಪಾಪ, ಅಂದರೆ ಎಲ್ಲಕ್ಕಿಂತ ದೊಡ್ಡ ಬಗೆಯ ಪಾಪ. ಏಳು ವರ್ಷದ ಮಗುವಿಗೆ ಅಷ್ಟು ದೊಡ್ಡ ಮಾತು ಬೇಡ, ಲೋಟ ಸಾಕು. ಲೋಟದ ಪಾಠ ಆದ ಮೇಲೆ ಮಕ್ಕಳು ತಾವೇ ತಮ್ಮ ಪಟ್ಟಿಯಿಂದ ಕೆಲವನ್ನು ಅಳಿಸುತ್ತಾರೆ. "ರಾತ್ರಿ ಹೆದರಿ ಅತ್ತೆ" ಅಂತ ಬರೆದಿದ್ದ ಒಬ್ಬ ಹುಡುಗ ರಬ್ಬರ್ ತಗೊಂಡು ಅದನ್ನು ಉಜ್ಜಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಳುವುದನ್ನು ಪಾಪ ಅಂದುಕೊಂಡು ಎಷ್ಟು ದಿನ ಹೊತ್ತುಕೊಂಡು ತಿರುಗಿದ್ದನೋ ಪಾಪ.

ಯೇಸು ಹೇಳಿದ ಕಳೆದುಹೋದ ಕುರಿಯ ಕಥೆಯನ್ನೂ ಇದೇ ಸಮಯದಲ್ಲಿ ಹೇಳುತ್ತೇವೆ. 100 ಕುರಿ, ಅದರಲ್ಲಿ ಒಂದು ಕಾಣೆಯಾಗುತ್ತದೆ, ಕುರುಬ 99 ಅನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೋಗುತ್ತಾನೆ. 1954ರಲ್ಲಿ ರೋಮ್ ನಗರದಲ್ಲಿ ಸೋಫಿಯಾ ಕವಲ್ಲೆತ್ತಿ, ಜಾನ್ನಾ ಗೊಬ್ಬಿ ಎಂಬ ಇಬ್ಬರು ಮಹಿಳೆಯರು ಮಾಂಟೆಸ್ಸೊರಿ ಪದ್ಧತಿಯನ್ನು ಹಿಡಿದು ಮಕ್ಕಳ ಧರ್ಮೋಪದೇಶಕ್ಕೆ ಹೊಸ ದಾರಿ ಹಾಕಿದರು. 'ಒಳ್ಳೆಯ ಕುರುಬನ ಧರ್ಮೋಪದೇಶ' ಅಂತಲೇ ಅದರ ಹೆಸರು. ಮರದ ಚಿಕ್ಕ ಕುರಿಗಳು, ಒಂದು ದೊಡ್ಡಿ, ಒಬ್ಬ ಕುರುಬ. ಟೀಚರ್ ಕಥೆ ಹೇಳಿ ಸುಮ್ಮನಾಗಬೇಕು, ಮಕ್ಕಳು ಮುಟ್ಟಿ, ಸರಿಸಿ, ಯೋಚಿಸಬೇಕು. ನಾನೂ ಹಾಗೇ ಮಾಡುತ್ತೇನೆ. ಸುಮ್ಮನಿರುವುದು ನನಗೆ ಇವತ್ತಿಗೂ ಕಷ್ಟ, ಆದರೆ ಸುಮ್ಮನಿದ್ದಾಗಲೇ ಒಳ್ಳೊಳ್ಳೆ ಪ್ರಶ್ನೆ ಬರುತ್ತವೆ. ವರ್ಷವಿಡೀ ಬಾಯಿ ಬಿಡದಿದ್ದ ಹುಡುಗಿಯೊಬ್ಬಳು ಒಂದು ಸಲ ಕುರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು, "ಮಿಸ್, ತಾನು ಕಳೆದುಹೋಗಿದೀನಿ ಅಂತ ಕುರಿಗೆ ಗೊತ್ತಿತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದಲ್ಲಿದ್ದವಳು, "ಕತ್ತಲಾದಾಗ ಗೊತ್ತಾಗಿರುತ್ತೆ" ಅಂದಳು.

ಈಗ ಹೇಳಿ, ಇಷ್ಟು ಯೋಚಿಸುವ ಮಗುವಿನ ಚೀಟಿಯಲ್ಲಿ ನಾವು ಯಾಕೆ ಕೈ ಆಡಿಸಬೇಕು?

ಅಪ್ಪ ಅಮ್ಮಂದಿರ ಮೇಲೆ ನನಗೆ ಕೋಪ ಇಲ್ಲ. ಮಗು ಏನೂ ತಪ್ಪು ಮಾಡದೆ, ಏನೂ ಮರೆಯದೆ ಎಲ್ಲವನ್ನೂ ಸರಿಯಾಗಿ ಹೇಳಲಿ ಅನ್ನೋ ಆಸೆ. ಅದು ಪರೀಕ್ಷೆಯ ಭಯ ಅಷ್ಟೇ. ಆದರೆ ಇದು ಪರೀಕ್ಷೆ ಅಲ್ಲ. 1910ರವರೆಗೆ ಎಷ್ಟೋ ಕಡೆ ಮಕ್ಕಳು ಪರಮಪ್ರಸಾದಕ್ಕೆ ಹತ್ತು, ಹನ್ನೆರಡು, ಕೆಲವು ಕಡೆ ಹದಿನಾಲ್ಕು ವರ್ಷದವರೆಗೂ ಕಾಯಬೇಕಿತ್ತು. ಎಲ್ಲ ಪೂರ್ತಿ ಕಲಿತ ಮೇಲೆ ಬನ್ನಿ ಅನ್ನುತ್ತಿದ್ದರು. ಆ ವರ್ಷದ ಆಗಸ್ಟ್‌ನಲ್ಲಿ, ಹತ್ತನೇ ಪಯಸ್ ಪೋಪ್ ಆಗಿದ್ದಾಗ, ರೋಮಿನಿಂದ ಹೊಸ ಆಜ್ಞೆ ಬಂತು. ಬುದ್ಧಿ ತಿಳಿಯುವ ವಯಸ್ಸು, ಅಂದರೆ ಸುಮಾರು ಏಳು ವರ್ಷ ಆದರೆ ಸಾಕು. ಧರ್ಮೋಪದೇಶವೆಲ್ಲ ಪೂರ್ತಿ ಗೊತ್ತಿರಬೇಕಿಲ್ಲ. ಮುಖ್ಯವಾದದ್ದನ್ನು ತನ್ನ ಮಟ್ಟಕ್ಕೆ ಅರಿತು, ಸಾಧಾರಣ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ವ್ಯತ್ಯಾಸ ತಿಳಿದಿದ್ದರೆ ಆಯಿತು. ಮಗುವನ್ನು ನಂಬಿ ಬಾಗಿಲು ತೆರೆದದ್ದು ಅದು. ನೂರು ವರ್ಷ ಕಳೆದ ಮೇಲೆ ನಾವು ಮತ್ತೆ ಅದೇ ಬಾಗಿಲಿನಲ್ಲಿ ಪ್ರಶ್ನೆಪತ್ರಿಕೆ ಹಿಡಿದು ನಿಂತರೆ ಹೇಗೆ?

ಇನ್ನೊಂದು ಮಾತು. "ಫಾದರ್ ಹತ್ತಿರ ಹೇಳ್ತೀನಿ ನೋಡು", "ದೇವರು ಶಿಕ್ಷೆ ಕೊಡ್ತಾನೆ" ಅಂತ ಮಕ್ಕಳನ್ನು ಹೆದರಿಸಬೇಡಿ. ಈ ಎರಡು ಮಾತು ನಾನು ಆರು ತಿಂಗಳು ಕಟ್ಟಿದ್ದನ್ನು ಒಂದೇ ನಿಮಿಷದಲ್ಲಿ ಕೆಡವಿಬಿಡುತ್ತವೆ. ತಯಾರಿಯ ದಿನಗಳಲ್ಲಿ ಮಕ್ಕಳು ಪಿಸುದನಿಯಲ್ಲಿ ಕೇಳುವ ಪ್ರಶ್ನೆ ಒಂದೇ: "ಫಾದರ್ ಅಮ್ಮಂಗೆ ಹೇಳ್ತಾರಾ?" ಇಲ್ಲ ಪುಟ್ಟ, ಅಮ್ಮಂಗೂ ಇಲ್ಲ, ನಂಗೂ ಇಲ್ಲ, ಪೋಪ್ ಬಂದು ಕೇಳಿದರೂ ಇಲ್ಲ ಅನ್ನುತ್ತೇನೆ. ಅದು ಸಮಾಧಾನಕ್ಕೆ ಹೇಳುವ ಮಾತಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಯಾವ ಕಾರಣಕ್ಕೂ ಹೊರಗೆ ಬಿಡುವಂತಿಲ್ಲ ಅನ್ನೋದು ಧರ್ಮಸಭೆಯ ಕಟ್ಟುನಿಟ್ಟಿನ ಕಾನೂನು. ಇದನ್ನು ಕೇಳಿದಾಗ ಮಕ್ಕಳ ಭುಜ ಸ್ವಲ್ಪ ಕೆಳಗೆ ಇಳಿಯುತ್ತದೆ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ಆದರೆ ಚೀಟಿಯನ್ನು ಮನೆಯಲ್ಲಿ ಅಮ್ಮನೇ ಓದಿ, ಅಪ್ಪನಿಗೂ ತೋರಿಸಿ, ಒತ್ತಕ್ಷರ ತಿದ್ದಿ ಕಳಿಸಿದರೆ ಆ ಗುಟ್ಟಿಗೆ ಏನು ಅರ್ಥ ಉಳಿಯಿತು? ಮಗು ಆಮೇಲೆ ಬರೆಯುವುದು ದೊಡ್ಡವರಿಗೆ ಇಷ್ಟವಾಗುವ ಪಾಪಗಳನ್ನು ಮಾತ್ರ.

ಆ ಮಗುವಿಗೆ ನಾನು ಹೊಸ ಚೀಟಿ ಕೊಟ್ಟೆ. "ನಿನಗೆ ಯಾವುದು ಅನ್ನಿಸುತ್ತೋ ಅದನ್ನು ಮಾತ್ರ ಬರಿ. ಬರೆಯದಿದ್ರೂ ನಡೆಯುತ್ತೆ, ನೆನಪಿಟ್ಕೋ" ಅಂದೆ. ಅದು ಕಿಟಕಿ ಪಕ್ಕ ಕೂತು, ಕೈ ಅಡ್ಡ ಇಟ್ಟುಕೊಂಡು, ತುಂಬಾ ಹೊತ್ತು ಬರೆಯಿತು. ನಾನು ನೋಡಲಿಲ್ಲ.

ಮುಂದಿನ ವಾರ ಮಕ್ಕಳ ಮೊದಲ ಪಾಪನಿವೇದನೆ. ನಮ್ಮ ಕ್ಲಾಸಿನ ಅಪ್ಪ ಅಮ್ಮಂದಿರು ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ. ಮಗು ಹೊರಗೆ ಬಂದ ಮೇಲೆ "ಏನು ಹೇಳಿದೆ? ಎಲ್ಲ ಹೇಳಿದ್ಯಾ? ಫಾದರ್ ಏನಂದ್ರು?" ಅಂತ ಕೇಳಬೇಡಿ. ಬೇಕಿದ್ದರೆ ಹಸಿವಾಗ್ತಿದೆಯಾ ಅಂತ ಕೇಳಿ, ಕೈ ಹಿಡಿದುಕೊಂಡು ಮನೆಗೆ ಕರೆದುಕೊಂಡು ಹೋಗಿ.